ಹಸಿರು ಬೂಷ್ಟಿನ ತೊಟ್ಟಿಲು

ಉಳಿ ಮುಟ್ಟದೆ, ಕೊಡತಿ ಮುಟ್ಟದೆ, ಬರೀ ಹಲ್ಲಿನಿಂದ ಕಡಿದು ಕಡಿದು ಒಂದೇ ಹಲಸಿನ ದಿಮ್ಮಿಯಲ್ಲಿ ತೊಟ್ಟಿಲು ಕೆತ್ತಿದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಬೆಳಗಿನ ಕಾಫಿಗೆ ಮುಂಚೆ ಕೂತವನು ಮಧ್ಯಾಹ್ನದ ಊಟಕ್ಕೆ ಎದ್ದೆ. ಎದ್ದಾಗ ಸುತ್ತ ಮೊಣಕಾಲುದ್ದ ಮರದ ಹೊಟ್ಟು ಬಿದ್ದಿತ್ತು. ಹನ್ನೆರಡು ಗಾಡಿಯಲ್ಲಿ ತುಂಬಿ ಸಾಗಿಸಿದರು. ತೊಟ್ಟಿಲ ನಾಲ್ಕು ಮೂಲೆಗೆ ನಾಲ್ಕು ಗಿಣಿ. ಅವನ್ನು ನೋಡಿ ನಿಜವಾದ ಗಿಣಿಗಳ ಹಿಂಡೊಂದು ನೆಂಟರ ಮನೆಗೆ ಬಂದ ಹಾಗೆ ಬಂದು, ಮೂರು ದಿನ ನಮ್ಮ ಹೆಂಚಿನ ಮೇಲಿಂದ ಏಳಲಿಲ್ಲ. ನಂಬಿಕೆ ಬರಲಿಲ್ಲವೇ? ಹಾಗಾದರೆ ನನ್ನ ಎಡಗೈ ಹೆಬ್ಬೆರಳು ನೋಡಿ. ಈ ಗಾಯದ ಗುರುತು ಮೊಸಳೆ ಕಚ್ಚಿದ್ದು. ಅದಕ್ಕೂ ಈ ತೊಟ್ಟಿಲಿಗೂ ಸಂಬಂಧ ಉಂಟು, ಬರುತ್ತೇನೆ ಅಲ್ಲಿಗೆ.

ನನ್ನ ಹೆಸರು ಮೌನಾಚಾರಿ. ಹೆಸರಿಟ್ಟ ಅಜ್ಜಿ ಏನು ಕಂಡು ಇಟ್ಟಳೋ ಗೊತ್ತಿಲ್ಲ. ಕಸುಬು, ಅಟ್ಟ ಒರೆಸುವುದು. ನಮ್ಮ ಊರಿನಲ್ಲಿ ಇದು ಸಣ್ಣ ಕಸುಬಲ್ಲ. ಊರ ನಡುವೆ ಬಿಸಿನೀರ ಕೊಳವಿದೆ. ಬೆಳಗಾದರೆ ಅದರ ಹಬೆ ಏಳುತ್ತದೆ, ಬೀದಿ ಬೀದಿ ಸುತ್ತಿ, ಹೆಂಚಿನ ಸಂದಿಯಲ್ಲಿ ಮನೆಗಳ ಅಟ್ಟಕ್ಕೆ ನುಗ್ಗುತ್ತದೆ. ಅಟ್ಟದಲ್ಲಿ ಬೂಷ್ಟು ಹಿಡಿಯುತ್ತದೆ. ನಿಮ್ಮದೇ ಸಾಮಾನು, ಇಟ್ಟು ಮರೆತಿದ್ದರೆ ಬಿಳಿ ಬೂಷ್ಟು. ಬೇರೆಯವರ ಸಾಮಾನಾದರೆ ಹಸಿರು ಬೂಷ್ಟು. ಬಿಳಿಯದು ಒಂದು ಸಲ ಒರೆಸಿದರೆ ಹೋಯಿತು. ಹಸಿರನ್ನು ಎಷ್ಟು ಒರೆಸಿದರೂ ಮಾರನೆಯ ದಿನದ ಹಬೆಗೆ ಮತ್ತೆ ಚಿಗುರುತ್ತದೆ, ಸಾಮಾನು ಅದರ ಸ್ವಂತದವರ ಮನೆ ಸೇರುವ ತನಕ. ಯಾಕೆ ಹೀಗೆ ಎಂದು ಕೇಳಿದವರನ್ನು ನಮ್ಮಲ್ಲಿ, ನೀರು ಯಾಕೆ ಒದ್ದೆ ಎಂದು ಕೇಳಿದವರನ್ನು ನೋಡುವ ಹಾಗೆ ನೋಡುತ್ತಾರೆ.

ಹಾಗಾಗಿ ನಮ್ಮ ಜನ ಸಾಲ ತಂದ ಜರಡಿಯನ್ನು ಅದೇ ದಿನ ಸಂಜೆಗೆ ವಾಪಸು ಕೊಡುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹೊಸಿಲ ಮೇಲೆ ನಿಂತು ಒಂದೊಂದು ಪಾತ್ರೆಯನ್ನೂ ಮುಟ್ಟಿ, 'ಕೊಟ್ಟೆ, ಕೊಟ್ಟೆ, ಕೊಟ್ಟೆ' ಎಂದು ಮೂರು ಸಲ ಹೇಳಬೇಕು. ಒಬ್ಬ ಮಹಾತಾಯಿ ಒಂದು ಹಿತ್ತಾಳೆ ಕೊಳಗದ ಆಸೆಗೆ ಎರಡೇ ಸಲ ಹೇಳಿದ್ದಳು. ವರ್ಷ ತುಂಬುವುದರೊಳಗೆ ಬೀಗರ ಅಟ್ಟದಲ್ಲಿ ಆ ಕೊಳಗ ಹಸಿರು ಬೆಕ್ಕಿನ ಹಾಗೆ ಕೂತಿತ್ತು. ಕೊಳದ ದಡದಲ್ಲಿ ಒಂದು ಕಲ್ಲುಕಟ್ಟೆ ಇದೆ. ಯಾರದೋ ಸಾಮಾನು ತಮ್ಮ ಅಟ್ಟದಲ್ಲಿ ಹಸಿರಾದರೆ ಜನ ತಂದು ಅಲ್ಲಿಟ್ಟು ಹೋಗುತ್ತಾರೆ. ಇಟ್ಟವರು ಯಾರೆಂದು ಯಾರೂ ಕೇಳುವುದಿಲ್ಲ. ಸ್ವಂತದವರು ಬಂದು ಎತ್ತಿಕೊಂಡು ಹೋಗುತ್ತಾರೆ. ಊರಿನ ಮಾನವೆಲ್ಲ ಆ ಕಟ್ಟೆಯ ಮೇಲೆ ನಿಂತಿದೆ.

ನಮ್ಮದು ಆಚಾರರ ಬೀದಿ. ಅಲ್ಲಿ ಕೂಸು ಹುಟ್ಟುವಾಗಲೇ ಕೈಯಲ್ಲಿ ಉಳಿ ಹಿಡಿದು ಹುಟ್ಟುತ್ತದೆ. ನಾನು ಎರಡು ಕೈಯಲ್ಲೂ ಹಿಡಿದು ಹುಟ್ಟಿದೆ. ಅಪ್ಪ ನನಗೆ ಹತ್ತು ವರ್ಷ ಕೆಲಸ ಕಲಿಸಿ, ಹನ್ನೊಂದನೆಯ ವರ್ಷ ತಮ್ಮ ಉಳಿಗಳನ್ನೆಲ್ಲ ನನ್ನ ತಮ್ಮನಿಗೆ ಕೊಟ್ಟುಬಿಟ್ಟರು. ನನ್ನ ಪ್ರತಿಭೆಗೆ ಆ ಉಳಿಗಳು ಸಾಲವು ಅಂತ ಇರಬೇಕು. ಮೌನನ ಕೈಯಲ್ಲಿ ಮೊಳೆಯೂ ನೆಟ್ಟಗೆ ಇಳಿಯಲ್ಲ ಎಂದು ಬೀದಿಯವರು ಆಡಿಕೊಂಡದ್ದು ಬರೀ ಹೊಟ್ಟೆಕಿಚ್ಚು. ನಾನು ಬೇವಿನ ಹೊಗೆ, ಸುಣ್ಣದ ಡಬ್ಬ, ತೆಂಗಿನ ನಾರಿನ ಕುಂಚ ಹಿಡಿದು ಅಟ್ಟ ಹತ್ತಿದೆ. ಒಂದೇ ದಿನಕ್ಕೆ ನೂರೆಂಟು ಅಟ್ಟ ಒರೆಸಿದ್ದೇನೆ. ಒಮ್ಮೆ ಒಂದು ಅಟ್ಟದ ಬೂಷ್ಟನ್ನು ಉಫ್ ಎಂದು ಊದಿದೆ, ಬೂಷ್ಟಿನ ಜೊತೆಗೆ ಮನೆಯ ಸೂರೂ ಹಾರಿ ಹೋಗಿ ಪಕ್ಕದ ಮನೆಯ ಮೇಲೆ ಸರಿಯಾಗಿ ಕೂತಿತು.

ನನ್ನ ಮಗಳು ಪಾರಿಜಾತಳ ನಾಮಕರಣಕ್ಕೆ ಆ ತೊಟ್ಟಿಲು ನಡುಮನೆಯಲ್ಲಿ ತೂಗಿತು. ಬೀದಿಗೆ ಬೀದಿಯೇ ಬಂದು ನೋಡಿತು. ನನ್ನ ಅಪ್ಪ ಅದರ ಅಂಚಿನ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದರು. 'ನೀನೇ ಮಾಡಿದ್ದಾ?' ಎಂದರು. 'ಮತ್ತಿನ್ಯಾರು' ಎಂದೆ. ಅವರು ನನ್ನ ಹೆಗಲ ಮೇಲೆ ಒಂದು ಸಲ ಕೈಯಿಟ್ಟರು. ಮೂರು ಗಿಣಿಗಳಿಗೆ ಕಣ್ಣೇ ಇಲ್ಲವಲ್ಲ ಎಂದು ಯಾರೋ ಕೇಳಿದರು. ಜನ ಹೀಗೆ ದಿಟ್ಟಿಸಿದರೆ ನಾಚಿ ಮುಚ್ಚಿಕೊಳ್ಳುವುದಿಲ್ಲವೇ ಎಂದೆ.

ಇಪ್ಪತ್ತೆರಡು ವರ್ಷ ಕಳೆಯಿತು. ಮಗಳು ದೊಡ್ಡವಳಾದಳು, ತೊಟ್ಟಿಲು ಅಟ್ಟ ಸೇರಿತು. ಊರಿನಲ್ಲಿ ಬೂಷ್ಟು ಹಿಡಿಯದ ಅಟ್ಟ ಯಾವುದಾದರೂ ಇದ್ದರೆ ಅದು ನನ್ನದು. ದಿನಾ ಬೆಳಿಗ್ಗೆ ಹಬೆ ಇಳಿಯುತ್ತಲೇ ನಾನು ಅಟ್ಟ ಹತ್ತಿ ಕಾಲು ಗಂಟೆ ಧ್ಯಾನ ಮಾಡುತ್ತಿದ್ದೆ. ಧ್ಯಾನಕ್ಕೆ ಒದ್ದೆ ಬಟ್ಟೆ ಯಾಕೆ ಎಂದು ನನ್ನ ಹೆಂಡತಿ ಭ್ರಮರಾಂಬ ಒಂದೆರಡು ಸಲ ಕೇಳಿದ್ದುಂಟು. ಹಣೆ ಬಿಸಿಯಾಗುತ್ತದೆ ಎಂದು ಹೇಳಿದ್ದೆ.

ಪಾರಿಜಾತ ಒಂದು ದಿನ ಕೊಳದಲ್ಲಿ ಬೇಯಿಸಿದ ಕಡಲೆಕಾಯಿ ತಂದು ನನ್ನ ಮುಂದೆ ಸುರಿದು, ತಾನು ನೀಲಕಂಠನನ್ನು ಮದುವೆಯಾಗುವುದಾಗಿ ಹೇಳಿದಳು. ನೀಲಕಂಠ ಕೊಳದಾಚೆ ಕೇರಿಯ ತುಂಗಮ್ಮನ ಮಗ. ತುಂಗಮ್ಮ ಹೆಸರಾಂತ ಕೆತ್ತನೆಗಾರ ಕಾಳಪ್ಪಾಚಾರರ ಒಬ್ಬಳೇ ಮಗಳು. ಆಚಾರರು ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ನನಗೆ ಕಡಲೆಕಾಯಿ ಗಂಟಲಲ್ಲಿ ಸಿಕ್ಕಿತು.

'ಜಾತಕ ಕೂಡಲ್ಲಮ್ಮ' ಎಂದೆ.

'ತೋರಿಸಾಯ್ತು. ಮೂವತ್ತಾರಕ್ಕೆ ಮೂವತ್ತೆರಡು ಗುಣ.'

'ಹುಡುಗ ಸಣ್ಣಗಿದ್ದಾನೆ.'

'ನೀನು ಊದಿದರೆ ಹಾರಿಹೋಗ್ತಾನೆ ಅಂತ ಭಯಾನಾ?' ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, 'ಅಪ್ಪಾ, ನಾನು ಬೇರೆ ಯಾರನ್ನೂ ಆಗಲ್ಲ' ಎಂದಳು. ಅವಳು ಅಮ್ಮನ ಹಾಗೆ. ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ.

ನಮ್ಮ ಊರಲ್ಲಿ ನಿಶ್ಚಿತಾರ್ಥಕ್ಕೆ ಮೊದಲು ಅಟ್ಟ ಹತ್ತುವ ಶಾಸ್ತ್ರ. ಹೆಣ್ಣಿನ ಕಡೆಯವರು ಗಂಡಿನ ಮನೆಯ ಅಟ್ಟ ಹತ್ತುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಮನೆಯದು. ಬಿಳಿ ಬೂಷ್ಟು ಕಂಡರೆ ನಗುತ್ತ ಇಳಿದು ಬಂದು ಕೇಸರಿಬಾತು ತಿನ್ನುತ್ತಾರೆ, ಮರೆವು ಯಾರಿಗಿಲ್ಲ. ಹಸಿರು ಕಂಡರೆ ತಟ್ಟೆ ಮುಟ್ಟದೆ, ಕುಂಕುಮ ತೆಗೆದುಕೊಳ್ಳದೆ ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದ ಮನೆಗೆ ಮತ್ತೆ ಸಂಬಂಧ ಬರುವುದು ಕಷ್ಟ. ಭ್ರಮರಾಂಬ ಹೋಗಿ ತುಂಗಮ್ಮನ ಅಟ್ಟ ಹತ್ತಿ ಬಂದಳು. ಎರಡು ಮರೆತ ಒಳಕಲ್ಲು, ಬಿಳಿ. ಇನ್ನು ನಮ್ಮ ಸರದಿ. ಮುಂದಿನ ತಿಂಗಳ ಮೊದಲ ಗುರುವಾರ ಬರುತ್ತೇವೆ ಎಂದು ಹೇಳಿ ಕಳಿಸಿದರು.

ಅಷ್ಟರಲ್ಲಿ ನನಗೊಂದು ಅಪಘಾತವಾಯಿತು. ಒಂದು ಏಳಂತಸ್ತಿನ ಗೋಪುರದ ತುದಿಯಿಂದ ಬಿದ್ದೆ. ಭ್ರಮರಾಂಬ ಅದು ಏಣಿಯ ಎರಡನೆಯ ಮೆಟ್ಟಿಲು ಎನ್ನುತ್ತಾಳೆ. ಅಳತೆಯಲ್ಲಿ ಹೆಂಗಸರು ಯಾವಾಗಲೂ ಕಂಜೂಸು. ಮೊಣಕಾಲು ಕುಂಬಳಕಾಯಿಯಾಯಿತು. ನಾಟಿವೈದ್ಯ ಪಟ್ಟು ಕಟ್ಟಿ, ಇಪ್ಪತ್ತು ದಿನ ಏಣಿ ಮುಟ್ಟಬಾರದು ಎಂದ. ಇಪ್ಪತ್ತು ದಿನ ನಾನು ಮಂಚದ ಮೇಲೆ ಮಲಗಿ ದಿನಾ ಬೆಳಿಗ್ಗೆ ಹಬೆ ಹೆಂಚಿನ ಸಂದಿಗೆ ನುಗ್ಗುವ ಸದ್ದು ಕೇಳಿದೆ. ನಿಮಗೆ ಆ ಸದ್ದು ಕೇಳಿಸುವುದಿಲ್ಲ. ನನಗೆ ಕೇಳಿಸಿತು.

ಇಪ್ಪತ್ತೊಂದನೆಯ ದಿನ ಮಂಗಳವಾರ. ಕುಂಟುತ್ತ ಅಟ್ಟ ಹತ್ತಿದೆ. ತಲೆ ಮೇಲಕ್ಕೆ ಹೋಯಿತು, ಕಾಲು ಏಣಿಯ ಮೇಲೇ ನಿಂತಿತು. ಮೂಲೆಯಲ್ಲಿ ತೊಟ್ಟಿಲು ಇರಬೇಕಾದ ಜಾಗದಲ್ಲಿ ಒಂದು ಹಸಿರು ಕುರಿ ಮಲಗಿತ್ತು. ನಾನು ಉತ್ಪ್ರೇಕ್ಷೆ ಮಾಡುತ್ತೇನೆ ಎಂದು ನಿಮಗೆ ಗೊತ್ತು, ಆದರೆ ಇದನ್ನು ಮಾತ್ರ ಹಾಗೇ ನಂಬಿ. ಗೇಣುದ್ದ ತುಪ್ಪಳ. ಹೆಂಚಿನ ಸಂದಿಯ ಬೆಳಕು ಬಿದ್ದ ಕಡೆ ಎಳೆ ಗರಿಕೆಯ ಬಣ್ಣ, ನೆರಳಿನ ಕಡೆ ಪಾಚಿಯ ಬಣ್ಣ. ಉಸಿರು ಬಿಟ್ಟರೆ ಮೈ ಅಲುಗುತ್ತಿತ್ತು. ಸುತ್ತ ಇದ್ದ ನಮ್ಮ ಹಳೆಯ ಹಂಡೆ, ಹರಿದ ಚಾಪೆ, ಅಜ್ಜಿಯ ಪೆಟ್ಟಿಗೆಗೆ ಒಂದು ಚುಕ್ಕೆಯೂ ಇಲ್ಲ.

ಬೂಷ್ಟು ತಪ್ಪು ಮಾಡುವುದಿಲ್ಲ ಎನ್ನುತ್ತಾರೆ. ಈ ಸಲ ಮಾಡಿತ್ತು. ನಾನೇ ಹಲ್ಲಿನಿಂದ ಕೆತ್ತಿದ ತೊಟ್ಟಿಲಿಗೆ ಹಸಿರು ಹಿಡಿಯುವುದೆಂದರೇನು? ಕೆಳಗಿನಿಂದ ಭ್ರಮರಾಂಬ ಕರೆದಳು. 'ಏನ್ರೀ, ಮಾತೇ ಇಲ್ಲ? ನೀವು ಸುಮ್ಮನಿದ್ದರೆ ನಂಗೆ ಹೆದರಿಕೆ ಆಗುತ್ತೆ.'

ಅವಳೇ ಹತ್ತಿ ಬಂದಳು. ನನ್ನ ಪಕ್ಕದಲ್ಲಿ ಅವಳ ತಲೆಯೂ ಮೇಲೆ ಬಂತು. ಸೆರಗು ಬಾಯಿಗೆ ಹೋಯಿತು.

'ಇದನ್ನ ಕೊಂಡು ತಂದೆ ಅಂದಿದ್ದಿರಲ್ಲ ನನ್ನ ಹತ್ರ. ಬೇರೆ ಊರಿನ ಅಂಗಡಿಯಿಂದ ತಂದಿದ್ದು, ಬೀದಿಯವರ ಮುಂದೆ ಮಾತ್ರ ನಾನೇ ಕೆತ್ತಿದೆ ಅಂತೀನಿ, ನೀನು ಸುಮ್ಮನಿರು ಅಂದ್ರಿ. ನಾನೂ ಇಪ್ಪತ್ತೆರಡು ವರ್ಷ ಸುಮ್ಮನಿದ್ದೆ.'

ಹೆಂಡತಿಗೆ ಹಾಗೆ ಹೇಳಿದ್ದು ವಿನಯಕ್ಕೆ. ದೊಡ್ಡ ಕಲಾವಿದರು ಮನೆಯೊಳಗೆ ವಿನಯವಾಗಿರಬೇಕು. ಇದನ್ನು ಅವಳಿಗೆ ವಿವರಿಸಲು ಹೋದೆ. ಅವಳು ಒಂದೇ ಮಾತು ಕೇಳಿದಳು, 'ಯಾರದ್ರೀ ಇದು?'

'ನಂದೇ ಕಣೇ. ಬೂಷ್ಟಿಗೆ ಕಣ್ಣು ಮಂಜಾಗಿದೆ.'

'ಗುರುವಾರ ತುಂಗಮ್ಮ ಹತ್ತಿ ಬರ್ತಾಳೆ. ಅವಳ ಕಣ್ಣು ಮಂಜಾಗಿಲ್ಲ' ಎಂದು ಇಳಿದು ಹೋದಳು.

ಮಂಗಳವಾರ ಪೂರ್ತಿ ಒರೆಸಿದೆ. ಸುಣ್ಣ ಬಳಿದೆ, ಬೇವಿನ ಹೊಗೆ ಹಾಕಿದೆ, ಹುಣಿಸೆ ನೀರು ಚಿಮುಕಿಸಿದೆ. ನನ್ನ ಕೈಯ ರಭಸಕ್ಕೆ ನಾರಿನ ಕುಂಚಗಳು ನಲವತ್ತು ಸವೆದವು. ಬುಧವಾರದ ಹಬೆಗೆ ಬೂಷ್ಟು ತಿರುಗಿ ಬಂತು, ಮೊದಲಿಗಿಂತ ದಟ್ಟವಾಗಿ. ಇಪ್ಪತ್ತೆರಡು ವರ್ಷ ದಿನಾ ಕ್ಷೌರ ಮಾಡಿಸಿಕೊಂಡದ್ದು ಈಗ ಹಟ ಹಿಡಿದಿತ್ತು. ತೊಟ್ಟಿಲನ್ನೇ ಹೊರಗೆ ಸಾಗಿಸೋಣವೆಂದರೆ, ಅಟ್ಟದ ಬಾಯಿಯಿಂದ ಅದನ್ನು ಇಳಿಸಲು ನಾಲ್ಕು ಜನ ಬೇಕು, ಬೀದಿಯ ತುಂಬ ಜನ. ನನಗೆ ಮೊಣಕಾಲು ನೋವು, ಇನ್ನೊಂದು ತಿಂಗಳು ಬಿಟ್ಟು ಬನ್ನಿ ಎಂದು ತುಂಗಮ್ಮನಿಗೆ ಹೇಳಿ ಕಳಿಸಿದೆ. ಹತ್ತುವುದು ನಾನು, ಅವರ ಮೊಣಕಾಲಿಗೇನು ಕೆಲಸ ಎಂದು ಉತ್ತರ ಬಂತು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಹಸಿರನ್ನು ತೆಗೆಯಲು ಆಗದಿದ್ದರೆ ಅದನ್ನು ಬಿಳಿ ಮಾಡಬಹುದಲ್ಲ. ನುಣ್ಣನೆಯ ಅಕ್ಕಿಹಿಟ್ಟು ಮೇಲಿಂದ ಉದುರಿಸಿದರೆ ಯಾರಿಗೆ ತಿಳಿಯುತ್ತದೆ? ತೊಟ್ಟಿಲೊಂದಕ್ಕೇ ಹಾಕಿದರೆ ಅನುಮಾನ ಬಂದೀತು, ಇಡೀ ಅಟ್ಟಕ್ಕೇ ಹಾಕಬೇಕು. ಮರೆವಿನ ಮನೆತನ ಎಂದು ನಕ್ಕು ಇಳಿಯುತ್ತಾಳೆ. ನಮ್ಮ ಮನೆಯ ಹಿಟ್ಟಿನ ಡಬ್ಬದ ಮೇಲೆ ಭ್ರಮರಾಂಬಳ ಕಣ್ಣಿತ್ತು. ಪಕ್ಕದ ಮನೆಯ ಶಾರದಕ್ಕನ ಹತ್ತಿರ ಮೂರು ಸೇರು ಅಕ್ಕಿಹಿಟ್ಟು ಕೇಳಿ ತಂದೆ. 'ಬೀಗರಿಗೆ ಏನ್ ಮಾಡ್ತಿದ್ದೀರಾ, ಮೂರು ಸೇರಿಗೆ?' ಎಂದಳು. 'ತಂಬಿಟ್ಟಿನ ಗೋಪುರ' ಎಂದೆ. ಬುಧವಾರ ಮಧ್ಯಾಹ್ನ ಭ್ರಮರಾಂಬ ಹೂವು ತರಲು ಹೋದಾಗ ಅಟ್ಟ ಹತ್ತಿ ಜರಡಿಯಲ್ಲಿ ಉದುರಿಸಿದೆ. ತೊಟ್ಟಿಲಿಗೆ, ಹಂಡೆಗೆ, ಪೆಟ್ಟಿಗೆಗೆ, ತೊಲೆಗೆ, ಹಲಗೆಗೆ. ಇಳಿಯುತ್ತ ತಿರುಗಿ ನೋಡಿದರೆ ಅಟ್ಟ ಹಿಮಾಲಯದ ಹಾಗಿತ್ತು. ನನ್ನ ಬುದ್ಧಿಗೆ ನಾನೇ ಕೈಮುಗಿದೆ.

ಗುರುವಾರ ಬೆಳಿಗ್ಗೆ ಪಾರಿಜಾತಳ ಕೂಗಿಗೆ ಎಚ್ಚರವಾಯಿತು. ಕೂಗೂ ಅಲ್ಲ ಅದು, ಯಾರೋ ಅವಳ ಬೆನ್ನಿಗೆ ತಣ್ಣೀರು ಹಾಕಿದಂತೆ ಒಂದು ಉಸಿರು. ನಡುಮನೆಗೆ ಬಂದೆ. ಅಟ್ಟದ ಬಾಯಿಯಿಂದ ಹಸಿರು ಕೆಳಗೆ ಇಳಿಯುತ್ತಿತ್ತು. ಏಣಿಯ ಮೆಟ್ಟಿಲುಗಳಿಗೆಲ್ಲ ಹಸಿರು ಗಲೀಪು ತೊಡಿಸಿದಂತಿತ್ತು. ಹಲಗೆಗಳ ಸಂದಿಯಿಂದ ಹಸಿರು ಗಡ್ಡಗಳು ನೇತಾಡುತ್ತಿದ್ದವು. ಒಂದು ಗಡ್ಡದ ತುದಿ, ಬರುವವರಿಗೆ ಹಾಸಿದ್ದ ಜಮಖಾನದಿಂದ ಗೇಣು ಮೇಲಷ್ಟೇ ಇತ್ತು. ಮನೆಯ ತುಂಬ ಹಳೆಯ ಬಾವಿಯ ವಾಸನೆ. ಭ್ರಮರಾಂಬ ರವೆ ಹುರಿಯುತ್ತಿದ್ದ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಮೂವತ್ತು ವರ್ಷ ಬೂಷ್ಟಿನ ಜೊತೆ ಬದುಕಿದವನು, ಮನೆಯೊಳಗೆ ಇಳಿದು ಬಂದ ಬೂಷ್ಟನ್ನು ಕಂಡದ್ದು ಅದೇ ಮೊದಲು.

ಪಾರಿಜಾತ ಒಂದು ಗಡ್ಡವನ್ನು ಬೆರಳಲ್ಲಿ ಉಜ್ಜಿ ಮೂಸಿದಳು. 'ಅಪ್ಪಾ, ಹಿಟ್ಟು ಹಾಕಿದ್ದೀಯ.'

'ಒಂದು ಚೂರು.'

'ಯಾರ ಮನೆ ಹಿಟ್ಟು?'

ಊರಿನ ಅಟ್ಟಗಳನ್ನೆಲ್ಲ ಒರೆಸಿದವನು, ಯಾರ ಮನೆಯ ಜರಡಿ ಯಾರ ಅಟ್ಟದಲ್ಲಿ ಹಸಿರಾಗಿದೆ ಎಂದು ಬಾಯಿಪಾಠ ಹೇಳುವವನು, ಕೇಳಿ ತಂದ ಹಿಟ್ಟನ್ನು ನನ್ನ ಕೈಯಾರೆ ಅಟ್ಟಕ್ಕೆ ಹಾಕಿದ್ದೆ. ಒಂದೊಂದು ಕಾಳು ಹಿಟ್ಟೂ ಶಾರದಕ್ಕನದು. ಒಂದೊಂದು ಕಾಳೂ ಹಸಿರಾಗಿತ್ತು.

'ಹಿಟ್ಟು ಶಾರದತ್ತೆದು' ಎಂದಳು ಪಾರಿಜಾತ. 'ಅದಕ್ಕೆ ಮೊದಲು ಅಲ್ಲಿ ಇದ್ದಿದ್ದು ಯಾರದು?'

ಅವಳಿಗೆ ಉತ್ತರ ಕೊಡುವ ಮೊದಲೇ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ತುಂಗಮ್ಮ, ಹಿಂದೆ ನೀಲಕಂಠ. ತುಂಗಮ್ಮ ಎತ್ತರದ ಹೆಂಗಸು. ಹಣೆಯ ಮೇಲೆ ಬಿಳಿಕೂದಲು, ಕೈಯಲ್ಲಿ ಒಂದು ಬುಟ್ಟಿ ಹೂವು. ಹೊಸಿಲ ಬಳಿ ನಿಂತು ಮೇಲೆ ನೋಡಿದಳು, ಕೆಳಗೆ ನೋಡಿದಳು. ನೀಲಕಂಠ ಪಾರಿಜಾತಳನ್ನು ನೋಡಿದ, ಅವಳು ನೆಲ ನೋಡಿದಳು.

'ಏನಣ್ಣಯ್ಯ ಇದು' ಎಂದಳು ತುಂಗಮ್ಮ.

'ಬೂಷ್ಟು ಸಾಕ್ತಿದ್ದೀನಿ ತುಂಗಮ್ಮ' ಎಂದೆ. 'ಹೊಸಾ ತಳಿ. ಬೇರೆ ದೇಶದಿಂದ ಬೀಜ ತರಿಸಿದ್ದು. ರಾಜರ ಮನೆಯವರು ಮೂರು ಸಲ ಆಳು ಕಳಿಸಿ ಕೇಳಿದ್ದಾರೆ, ನಾನೇ ಕೊಟ್ಟಿಲ್ಲ.'

ತುಂಗಮ್ಮ ಬುಟ್ಟಿಯನ್ನು ಜಮಖಾನದ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಸಿರು ಏಣಿಯ ಮೇಲೆ ಕಾಲಿಟ್ಟಳು. ಹೊರಟು ಹೋಗಬಹುದಿತ್ತು ಅವಳು. ಇಷ್ಟು ಹಸಿರು ಕಂಡ ಮೇಲೆ ಯಾರೂ ಹತ್ತುವುದಿಲ್ಲ. 'ತುಂಗಮ್ಮ, ಬೇಡ, ಜಾರುತ್ತೆ' ಎನ್ನುತ್ತ ನಾನೂ ಹಿಂದೆ ಹತ್ತಿದೆ.

ಮೇಲೆ ಹಸಿರಿನಲ್ಲಿ ಯಾವುದು ಹಂಡೆ, ಯಾವುದು ಪೆಟ್ಟಿಗೆ ಎಂದು ತಿಳಿಯುತ್ತಿರಲಿಲ್ಲ. ಆದರೂ ಅವಳು ನೇರ ಮೂಲೆಗೆ ಹೋದಳು. ಹಸಿರಿನಡಿಯಲ್ಲೂ ಆ ಆಕಾರ ಗೊತ್ತಾಗುತ್ತಿತ್ತು. ಅವಳು ಅದರ ಮುಂದೆ ಮಂಡಿಯೂರಿದಳು. ಅಂಚಿನ ಮೇಲೆ ಕೈಯಿಟ್ಟಳು, ನನ್ನ ಅಪ್ಪ ಇಟ್ಟ ಜಾಗದಲ್ಲೇ.

'ನಮ್ಮ ಮಗಳದು' ಎಂದೆ. 'ಹಲ್ಲಿನಿಂದ ಕೆತ್ತಿದ್ದು.'

'ಕೇಳಿದ್ದೆ. ನೀನೂ ಒಂದು ತೊಟ್ಟಿಲು ಕೆತ್ತಿದೆ ಅಂತ. ನಾನು ಎರವಲು ಕೊಟ್ಟಿದ್ದು ಕೊಳಕ್ಕೆ ಬಿತ್ತಲ್ಲ ಅಂತ ನೀನು ಹೊಸದು ಮಾಡಿಕೊಂಡಿರಬೇಕು ಅಂದುಕೊಂಡಿದ್ದೆ.' ಅವಳ ದನಿ ಏರಲಿಲ್ಲ. ಬೆರಳು ಮಾತ್ರ ಬೂಷ್ಟಿನೊಳಗೆ ಹೋಗಿ ಏನನ್ನೋ ಹುಡುಕುತ್ತಿತ್ತು. ಮೂರು ಮೂಲೆ ಮುಟ್ಟಿದಳು. ನಾಲ್ಕನೆಯ ಮೂಲೆಯಲ್ಲಿ ಕೈ ನಿಂತಿತು. 'ಇಲ್ಲಿ ಬಾ ಅಣ್ಣಯ್ಯ.'

ಹೋದೆ. ನೋಡಿದೆ. ಇಪ್ಪತ್ತೆರಡು ವರ್ಷ ದಿನಾ ಒರೆಸಿದವನು ನಾನು. ಮಂಚ ಹಿಡಿಯುವ ತನಕ ಬೂಷ್ಟು ತುಂಬ ಬೆಳೆಯಲು ಒಂದು ದಿನವೂ ಬಿಟ್ಟವನಲ್ಲ. ಆದ್ದರಿಂದ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಆ ಮೂಲೆಯ ಗಿಣಿ ಮೈಯೆಲ್ಲ ಹಸಿರು ತುಪ್ಪಳ ಹೊದ್ದಿತ್ತು. ಮುಖದ ಒಂದು ಪಕ್ಕದಲ್ಲಿ ಮಾತ್ರ, ರಾಗಿಕಾಳಿನಷ್ಟು ಜಾಗದಲ್ಲಿ, ಹಲಸಿನ ಹಳದಿ ಮರ ಆಗಷ್ಟೇ ಕೆತ್ತಿದಂತೆ ಹೊಳೆಯುತ್ತಿತ್ತು. ಸೊಟ್ಟ ಕಣ್ಣು. ಒಂದು ಕಡೆ ಆಳ, ಒಂದು ಕಡೆ ಜಾರಿದ ಗೀರು. ಅದರ ಮೇಲೆ ಒಂದು ಎಳೆ ಬೂಷ್ಟಿರಲಿಲ್ಲ.

ನಾನು ಬಗ್ಗಿ ಆ ಗೀರನ್ನು ಉಗುರಿನಿಂದ ಮುಟ್ಟಿದೆ.

'ಅಪ್ಪ ಎಂಟು ಕಣ್ಣಿಗೆ ಜಾಗ ಬಿಟ್ಟಿದ್ದರು' ಎಂದಳು ತುಂಗಮ್ಮ. 'ಇದರಲ್ಲಿ ಮಲಗಿದ ಒಂದೊಂದು ಮಗುವಿಗೂ ಒಂದೊಂದು ಕಣ್ಣು ಬಿಡಿಸಬೇಕು ಅಂತ. ಈ ಗಿಣಿಯ ಬಲಗಣ್ಣು ನೀಲಕಂಠಂದು, ಅಪ್ಪನೇ ಬಿಡಿಸಿದ್ದು. ನಿನಗೆ ತೊಟ್ಟಿಲು ಕೊಡುವಾಗ ಹೇಳಿದ್ದೆ, ನಿನ್ನ ಮಗೂಗೆ ಎಡಗಣ್ಣು ಬಿಡಿಸು ಅಂತ. ಬಿಡಿಸಿದ್ದೀಯ.' ಅವಳು ಕಣ್ಣಿನ ಸುತ್ತ ಬೆರಳಾಡಿಸಿದಳು. 'ಇಷ್ಟು ಸೊಟ್ಟ ಈ ಊರಲ್ಲಿ ಇನ್ಯಾರೂ ಬಿಡಿಸಲ್ಲ.'

ನನ್ನ ಬಾಯಿಗೆ ಅಭ್ಯಾಸದಂತೆ ಒಂದು ಕಥೆ ಬಂತು. ಕೊಳದ ತಳದಿಂದ ತೊಟ್ಟಿಲು ತಾನಾಗೇ ತೇಲಿ ಬಂದಿದ್ದು, ನಾನು ಅದನ್ನು ಅವಳಿಗೆ ಅಚ್ಚರಿ ಕೊಡಲು ಅಡಗಿಸಿಟ್ಟಿದ್ದು. ಅದನ್ನು ನುಂಗಿಕೊಂಡೆ. ಆ ಕಣ್ಣು ನನ್ನನ್ನೇ ನೋಡುತ್ತಿತ್ತು.

'ಮೊಸಳೆ ಎಳಕೊಂಡು ಹೋಯ್ತು ಅಂದೆ' ಎಂದಳು. 'ಹೆಬ್ಬೆರಳು ತೋರಿಸಿದೆ. ಬಿಸಿನೀರಲ್ಲಿ ಮೊಸಳೆ ಇರಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತಣ್ಣಯ್ಯ. ಇವನು ಕಾಲು ಜಾರಿ ಬೀಳಿಸಿದ್ದಾನೆ, ನಾಚಿಕೆಗೆ ಮೊಸಳೆ ಅಂತಿದ್ದಾನೆ ಅಂದುಕೊಂಡೆ. ಬಿದ್ದದ್ದು ಮಾತ್ರ ನಿಜ ಅಂದುಕೊಂಡೆ. ಪ್ರತಿ ಅಮಾವಾಸ್ಯೆ ಆ ನೀರಿಗೆ ಹೂವು ಹಾಕಿದ್ದೀನಿ. ಅಪ್ಪನ ಕಡೇ ಕೆಲಸ ಅದು. ಎರಡನೇ ಕೂಸು, ನನ್ನ ಮಗಳು, ಸೀರೆ ಜೋಲಿಯಲ್ಲಿ ಬೆಳೆದಳು. ಅವಳ ಕಣ್ಣು ಇನ್ನೂ ಬಿಡಿಸಿಲ್ಲ.'

ಅವಳು ಅಮಾವಾಸ್ಯೆಗೆ ಕೊಳಕ್ಕೆ ಹೂವು ಹಾಕುವುದನ್ನು ನಾನು ನೋಡಿದ್ದೆ. ಊರೆಲ್ಲ ನೋಡಿತ್ತು. ಏನೋ ಹರಕೆ ಎಂದು ಇತರರು ಅಂದುಕೊಂಡರು. ನಾನು ಆ ದಿನ ಬೇರೆ ಬೀದಿಯಲ್ಲಿ ಮನೆಗೆ ಹೋಗುತ್ತಿದ್ದೆ.

ನಾನು ಅಲ್ಲೇ ಶಾರದಕ್ಕನ ಹಸಿರು ಹಿಟ್ಟಿನ ಮೇಲೆ ಕೂತುಬಿಟ್ಟೆ. ಹೇಳಿದೆ. ನಾಮಕರಣಕ್ಕೆಂದು ಕೇಳಿದ್ದು ಒಂದೇ ತಿಂಗಳಿಗೆ. ಆಗ ಕಾಳಪ್ಪಾಚಾರರು ತೀರಿ ಹತ್ತು ದಿನ. ಸೂತಕದ ಮನೆಯಿಂದ ಅವಳು ಶುಭಕಾರ್ಯಕ್ಕೆ ಬರುವ ಹಾಗಿರಲಿಲ್ಲ. ನಮ್ಮ ಬೀದಿಯವರು ಆ ತೊಟ್ಟಿಲನ್ನು ಮೊದಲು ನೋಡಿರಲಿಲ್ಲ. ಯಾರು ಮಾಡಿದ್ದು ಎಂದು ಮೊದಲು ಬಂದವನು ಕೇಳಿದ. ನಾನೇ ಮಾಡಿದ್ದು ಎಂದುಬಿಟ್ಟೆ. ಅಷ್ಟೇ ಆಗಿದ್ದರೆ ಸಂಜೆಯೊಳಗೆ ನಗೆಯಾಗಿ ಮುಗಿಯುತ್ತಿತ್ತು. ಆದರೆ ಅಪ್ಪ ಹೆಗಲ ಮೇಲೆ ಕೈಯಿಟ್ಟರು. ಆ ಕೈಯನ್ನು ವಾಪಸು ಕೊಡಲು ನನ್ನಿಂದ ಆಗಲಿಲ್ಲ.

'ಸುಟ್ಟುಬಿಡಬಹುದಿತ್ತಲ್ಲ' ಎಂದಳು. 'ಗುರುತೇ ಇರ್ತಿರಲಿಲ್ಲ.'

'ಒಂದು ಸಲ ಕೊಡಲಿ ಎತ್ತಿದೆ ತುಂಗಮ್ಮ. ಆಗಲಿಲ್ಲ. ಅಂಥಾ ಕೆಲಸ ನಾನು ನೋಡಿಯೇ ಇಲ್ಲ.'

ಅವಳು ತಿರುಗಿ ನನ್ನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಹೇಳಿದ ನಿಜ ಅದೊಂದೇ ಎಂದು ಅವಳಿಗೆ ತಿಳಿದಿರಬೇಕು. ಎದ್ದು ಏಣಿ ಇಳಿದಳು. ನಡುಮನೆಯಲ್ಲಿ ಪಾರಿಜಾತ ಗೋಡೆಗೆ ಒರಗಿ ನಿಂತಿದ್ದಳು. ಮೇಲಿನ ಮಾತೆಲ್ಲ ಹಲಗೆಯ ಸಂದಿಯಿಂದ ಕೆಳಗೆ ಬಿದ್ದಿತ್ತು. ಭ್ರಮರಾಂಬ ಕೇಸರಿಬಾತಿನ ತಟ್ಟೆ ಹಿಡಿದಿದ್ದಳು, ಚಾಚಲು ಅವಳಿಗೆ ಧೈರ್ಯ ಬರಲಿಲ್ಲ. ತುಂಗಮ್ಮ ಅದನ್ನು ನೋಡಿದಳು, ಮುಟ್ಟಲಿಲ್ಲ.

'ಭ್ರಮರಾಂಬ, ಅದನ್ನ ಮುಚ್ಚಿಡು. ತೊಟ್ಟಿಲು ನಮ್ಮ ಮನೆಗೆ ಬಂದ ಮೇಲೆ ತಿಂತೀನಿ. ಕಟ್ಟೆಯ ಮೇಲೆ ಇಡೋದು ಬೇಡ. ಅಣ್ಣಯ್ಯ ಬೀದಿಯ ನಡುವೆ ತರಲಿ. ಯಾರ ಯಾರಿಗೆ ನಾನು ಕೆತ್ತಿದೆ ಅಂದಿದ್ದಾನೋ ಅವರ ಬಾಗಿಲಲ್ಲೆಲ್ಲ ನಿಂತು, ಕಾಳಪ್ಪಾಚಾರಿ ಕೆತ್ತಿದ್ದು ಅಂತ ಹೇಳಿ ಬರಲಿ. ಒಂದು ಬಾಗಿಲು ಬಿಟ್ಟರೂ ನಾನು ತಟ್ಟೆ ಮುಟ್ಟಲ್ಲ.' ಹೊಸಿಲ ಬಳಿ ನಿಂತು ಪಾರಿಜಾತಳ ಕೆನ್ನೆ ಮುಟ್ಟಿದಳು. 'ನೀನು ಅಳಬೇಡ. ನೀನು ಆ ತೊಟ್ಟಿಲಲ್ಲಿ ಮಲಗಿದ ಕೂಸು.'

ಕಾಳಪ್ಪಾಚಾರರ ತೊಟ್ಟಿಲನ್ನು ನಾಲ್ಕು ಜನ ಇಳಿಸಿದರು. ಹಿಂದೆ ನೀಲಕಂಠ, ಮುಂದೆ ನಾನು ಹೊತ್ತೆವು. ಕುಂಬಳಕಾಯಿ ಮೊಣಕಾಲು ಒಂದೊಂದು ಹೆಜ್ಜೆಗೂ ಕೂಗಿತು. ಮೊದಲ ಬಾಗಿಲು ಶಾರದಕ್ಕನದು. ಹಿಟ್ಟಿನ ವಿಷಯವನ್ನೂ ಅಲ್ಲೇ ಹೇಳಿದೆ. ಆ ಮೂರು ಸೇರು ಕೊಟ್ಟೆ ಎಂದು ಅವಳು ಬಾಗಿಲಲ್ಲೇ ನಿಂತು ಮೂರು ಸಲ ಹೇಳಿದಳು, ನಗುವ ಮಧ್ಯೆ. ನನ್ನ ತಮ್ಮನ ಬಾಗಿಲು. ಅವನು ಉಳಿ ಕೆಳಗಿಟ್ಟು ಕೇಳಿಸಿಕೊಂಡು, ತನ್ನ ಹೆಗಲನ್ನು ತೊಟ್ಟಿಲಿಗೆ ಕೊಟ್ಟ. ಅಪ್ಪ ಈಗ ಬದುಕಿಲ್ಲ, ಅವರಿದ್ದ ಮನೆಯ ಬಾಗಿಲಲ್ಲೂ ನಿಂತೆ. ಆ ಬೀದಿಯಲ್ಲಿ ಮುನ್ನೂರು ಮನೆ. ಇಲ್ಲ, ಮೂವತ್ತೊಂದು. ಪಾರಿಜಾತ ಎಣಿಸುತ್ತ ಜೊತೆಗೇ ಬಂದಳು.

ಕೊಳದಾಚೆ ತುಂಗಮ್ಮನ ಹೊಸಿಲು ದಾಟುತ್ತಲೇ ಬೂಷ್ಟು ಒಣಗಿ, ಹಳೆಯ ಸುಣ್ಣದ ಹಾಗೆ ಉದುರಿತು. ತೊಟ್ಟಿಲು ಬರಿಮೈಯಲ್ಲಿ ನಿಂತಿತು. ತುಂಗಮ್ಮ ಆ ಸೊಟ್ಟ ಕಣ್ಣನ್ನು ತೋರಿಸಿದಳು. 'ಇದೊಂದು ನಿಂದು. ಹೀಗೇ ನನ್ನ ಅಟ್ಟಕ್ಕೆ ಹೋದರೆ ನಾಳೆಯಿಂದ ಇದೊಂದಕ್ಕೆ ಹಸಿರು ಹಿಡಿಯುತ್ತೆ. ಏನು ಮಾಡ್ತೀಯೋ ನೋಡು.'

ನಾನು ಗಿಣಿಯ ಮುಖ ಮುಟ್ಟಿದೆ. 'ಕೊಟ್ಟೆ' ಎಂದೆ. ಎರಡನೆಯ ಸಲವೂ ಹೇಳಿದೆ. ಮೂರನೆಯದನ್ನು ಆ ಸೊಟ್ಟ ಕಣ್ಣನ್ನೇ ನೋಡಿ ಹೇಳಿದೆ. ತುಂಗಮ್ಮ ಕೈ ತೊಳೆದು, ಭ್ರಮರಾಂಬ ತಂದ ಆರಿದ ಕೇಸರಿಬಾತನ್ನು ಬಾಯಿಗೆ ಹಾಕಿಕೊಂಡಳು.

ಕತೆ ಇಷ್ಟೇ ಆಗಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಆದರೆ ತುಂಗಮ್ಮನ ಷರತ್ತು ನೆನಪಿದೆಯಲ್ಲ, ಯಾರ ಯಾರಿಗೆ ಹೇಳಿದ್ದೇನೋ ಅವರ ಬಾಗಿಲಿಗೆಲ್ಲ. ಬಾಯಿ ಚಟ, ಮೊದಲ ಸಾಲಿನಲ್ಲೇ ನಿಮಗೂ ಹೇಳಿಬಿಟ್ಟೆ. ಹಾಗಾಗಿ ಮೂವತ್ತೆರಡನೆಯ ಬಾಗಿಲು ನಿಮ್ಮದು. ಆ ತೊಟ್ಟಿಲನ್ನು ನಾನು ಹಲ್ಲಿನಿಂದ ಕೆತ್ತಲಿಲ್ಲ, ಕೈಯಿಂದಲೂ ಕೆತ್ತಲಿಲ್ಲ. ಕಾಳಪ್ಪಾಚಾರರು ಕೆತ್ತಿದರು. ನಾನು ಕೆತ್ತಿದ್ದು ಒಂದು ಕಣ್ಣು. ಅದನ್ನೂ ಒಂದೇ ಏಟಿಗಲ್ಲ. ಮೂರು ಸಲ ಉಳಿ ಜಾರಿತು, ಮೂರನೆಯ ಸಲ ಹೆಬ್ಬೆರಳಿಗೆ ಬಿತ್ತು. ಈ ಗುರುತು ಅದರದು. ಮೊಸಳೆಯನ್ನು ನಾನು ಕಣ್ಣಾರೆ ಕಂಡೇ ಇಲ್ಲ.